ಆರ್ಗಾನ್‌ಗೆ ಬಿಟ್ಟ ಜಾಗ

ತರಗತಿಯ ಶಿಕ್ಷಕಿ ಬ್ರೆಂಡಾ ತನ್ನ ಉಣ್ಣೆಯ ಟೋಪಿಯಲ್ಲೇ ಚೀಟಿಗಳನ್ನು ಹಾಕಿಕೊಂಡು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಬಂದಾಗ ಚಂದ್ರಪ್ರಭಾ ಮನಸ್ಸಿನಲ್ಲೇ, ಬಂಗಾರ ಬರಲಿ ಶಿವನೇ, ಎಂದುಕೊಂಡಳು. ಬಂಗಾರವಲ್ಲದಿದ್ದರೆ ತಾಮ್ರ. ಹೋಗಲಿ, ಗಂಧಕವಾದರೂ ಆದೀತು. ಕೈಹಾಕಿ ತೆಗೆದರೆ ಬಂದದ್ದು ಆರ್ಗಾನ್.

ಪಕ್ಕದ ಕುರ್ಚಿಯ ಕೀತ್ ಇಣುಕಿ ನೋಡಿ ನಕ್ಕ. ಬಸ್ಸು ಓಡಿಸಿ ನಿವೃತ್ತನಾದವನು, ಮಾತಿಗೆ ಬರವಿಲ್ಲ. "ಕಣ್ಣಿಗೆ ಕಾಣದ ಗಾಳಿ! ನಿನ್ನ ಕೆಲಸ ಮುಗೀತಲ್ಲ, ಲವ್. ಖಾಲಿ ಹಾಳೆಗೇ ಚೌಕಟ್ಟು ಹಾಕಿಬಿಡು."

ಆ ಊರಲ್ಲಿ ಯಾರು ಯಾರನ್ನಾದರೂ 'ಲವ್' ಎಂದು ಕರೆದುಬಿಡುತ್ತಾರೆ. ಚಂದ್ರಪ್ರಭಾಗೆ ಅದು ರೂಢಿಯಾಗಿ ಎಷ್ಟೋ ಕಾಲವಾಗಿತ್ತು. ಚುಚ್ಚಿದ್ದು 'ಖಾಲಿ' ಎಂಬ ಮಾತು.

ಮ್ಯಾಂಚೆಸ್ಟರಿನ ಕಾಲೇಜೊಂದರಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಮುದ್ರಣಕಲೆಯ ತರಗತಿ ಅದು. ಈ ಸಲ ವಿದ್ಯಾರ್ಥಿಗಳು ತಲೆಗೊಂದು ಮೂಲವಸ್ತು ಹಂಚಿಕೊಂಡು ರಬ್ಬರಿನಂಥ ದಪ್ಪ ಲಿನೋ ಹಾಳೆಯ ಮೇಲೆ ಕೆತ್ತಬೇಕು. ಕೊನೆಗೆ ಎಲ್ಲರ ಮುದ್ರಣಗಳನ್ನೂ ಲೈಬ್ರರಿಯ ಗೋಡೆಯ ಮೇಲೆ ರಸಾಯನಶಾಸ್ತ್ರದ ಕೋಷ್ಟಕದ ಹಾಗೆ ಸಾಲಾಗಿ ತೂಗುಹಾಕುತ್ತಾರೆ. ಚಿತ್ರ ಬಿಡಿಸಲು ಬರುತ್ತದೆಂದು ಚಂದ್ರಪ್ರಭಾ ಸೇರಿದ್ದಲ್ಲ. ಮೂಲವಸ್ತು ಎಂಬ ಹೆಸರು ಕಂಡು ಸೇರಿದ್ದು. ಮದುವೆಗೆ ಮೊದಲು ಗದಗಿನ ಕಾಲೇಜಿನಲ್ಲಿ ಆಕೆ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಆಮೇಲೆ ಡಾಕ್ಟರ ಹೆಂಡತಿಯಾಗಿ ಇಂಗ್ಲೆಂಡಿಗೆ ಬಂದು ಮೊದಲು ವುಲ್ವರ್‌ಹ್ಯಾಂಪ್ಟನ್, ಆಮೇಲೆ ಮ್ಯಾಂಚೆಸ್ಟರಿನ ಡಿಡ್ಸ್‌ಬರಿ. ಗಂಡನ ಡ್ಯೂಟಿಯ ಪಾಳಿ, ಮಗಳ ಶಾಲೆ. "ನೀವೇನು ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ ಗಂಡನ ಆಸ್ಪತ್ರೆಯ ಹೆಸರು ಹೇಳಿ ಪಾರಾಗುವುದು ಕಲಿತಿದ್ದಳು.

ಹಾಗಾಗಿ ಈ ಪ್ರದರ್ಶನದ ಆಸೆಯನ್ನು ಯಾರ ಹತ್ತಿರವೂ ಆಡಬಾರದೆಂದಿದ್ದಳು. ತಡೆಯಲಾರದೆ ಗೆಳತಿ ಭಾಗ್ಯಶ್ರೀಗೆ ಹೇಳಿದಳು. ಭಾಗ್ಯಶ್ರೀಗೆ ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಸಂಜೆಯೊಳಗೆ ಕನ್ನಡ ಬಳಗದ ವಾಟ್ಸಾಪಿನಲ್ಲಿ ಸುದ್ದಿ ಓಡಾಡಿತು: ನಮ್ಮ ಚಂದ್ರಪ್ರಭಾ ಮೇಡಂ ಚಿತ್ರ ಪ್ರದರ್ಶನ, ಲೆಸ್ಟರ್‌ನವರೂ ಬನ್ನಿ. ಬಸವ ಜಯಂತಿಯ ರಂಗೋಲಿ ಸ್ಪರ್ಧೆಯಲ್ಲಿ ವರ್ಷವರ್ಷವೂ ಗೆಲ್ಲುವವಳು, ಇಲ್ಲೇನು ಸೋಲುತ್ತಾಳೆಯೇ ಎಂಬ ಧೈರ್ಯ ಅವರಿಗೆ. ಧೈರ್ಯವಿಲ್ಲದ್ದು ಅವಳಿಗೇ. ಎಷ್ಟೋ ಕಾಲದ ಮೇಲೆ ತನ್ನ ಹೆಸರಿನಡಿ ಒಂದು ಕೆಲಸ ಗೋಡೆ ಏರಲಿದೆ. ಅದು ಕೆಟ್ಟರೆ ನಾಲ್ಕು ಜನರೆದುರು ಕೆಡುತ್ತದೆ.

ಆದ್ದರಿಂದ ಶಕ್ತಿಮೀರಿ ಕೆತ್ತಿದಳು. ನಡುವೆ ಪರಮಾಣು, ಸುತ್ತ ಎಲೆಕ್ಟ್ರಾನುಗಳ ಬಳೆಗಳು. ಆರ್ಗಾನ್ ಇರುವ ಕಡೆಗಳೆಲ್ಲ ಬಂದವು: ಒಂದು ಮೂಲೆಗೆ ಬಲ್ಬು, ಇನ್ನೊಂದಕ್ಕೆ ವೆಲ್ಡಿಂಗಿನ ಕಿಡಿ, ಕೆಳಗೆ ಕಿಟಕಿ, ಮೇಲೆ ಭೂಮಿಯನ್ನು ಸುತ್ತಿದ ವಾತಾವರಣ. ಉಳಿದ ಸಂದಿಗೊಂದಿಗಳಿಗೆ ಚುಕ್ಕಿ, ಬಳ್ಳಿ, ಅಲೆ. ಅವಳು ಹುಟ್ಟಿದ ಮನೆಯಲ್ಲಿ ಖಾಲಿ ಎನ್ನುವುದಕ್ಕೆ ಬೆಲೆಯೇ ಇರಲಿಲ್ಲ. ಬರಿ ಹಣೆಯಲ್ಲಿ ಹೊರಗೆ ಹೋಗಬಾರದು, ಬಳೆಯಿಲ್ಲದ ಬರಿಗೈಯಲ್ಲಿ ನೀರು ಕೊಡಬಾರದು, ಪಕ್ಕದ ಮನೆಯ ಡಬ್ಬಿ ತಿರುಗಿ ಕೊಡುವಾಗ ಒಂದು ಚಮಚೆ ಸಕ್ಕರೆಯನ್ನಾದರೂ ಹಾಕದೆ ಕೊಡಬಾರದು. ರಂಗೋಲಿಯಲ್ಲಿ ಬೆರಳಗಲ ನೆಲ ಕಂಡರೆ ಅವಳ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಮೊದಲ ಅಚ್ಚು ತೆಗೆದಾಗ ಹಾಳೆಯ ತುಂಬ ಇರುವೆಯ ಗೂಡು ಕೆದಕಿದಂತಾಗಿತ್ತು.

ಬ್ರೆಂಡಾ ಬೈಯಲಿಲ್ಲ. ಹಾಳೆಯನ್ನು ತೋಳಳತೆಯ ದೂರದಲ್ಲಿ ಹಿಡಿದು, ಕನ್ನಡಕ ತಲೆಯ ಮೇಲಕ್ಕೇರಿಸಿ, "ಇದರಲ್ಲಿ ನಿನ್ನ ಆರ್ಗಾನ್ ಎಲ್ಲಿ?" ಎಂದಳು.

ಚಂದ್ರಪ್ರಭಾ ಉತ್ಸಾಹದಿಂದ ಬೆರಳಿಟ್ಟು ತೋರಿಸಿದಳು. ಇದು ಬಲ್ಬಿನೊಳಗೆ, ಇದು ಕಿಟಕಿಯ ಜೋಡಿ ಗಾಜುಗಳ ನಡುವೆ, ಇದು—

"ಅದರ ವಿಷಯ ನಿನಗೆ ಏನೇನು ಗೊತ್ತು ಅಂತ ಹೇಳ್ತಿದ್ದೀಯ, ಲವ್. ಅದನ್ನು ತೋರಿಸು. ಉಳಿ ತಾಗಿದ ಕಡೆ ಮಸಿ ಹತ್ತುವುದಿಲ್ಲ, ಅಲ್ಲಿ ಬರೀ ಕಾಗದ ಉಳಿಯುತ್ತೆ. ಆ ಕಾಗದವೂ ಚಿತ್ರವೇ. ಅದಕ್ಕೂ ಸ್ವಲ್ಪ ಮಾತಾಡೋಕೆ ಬಿಡು."

ಚಂದ್ರಪ್ರಭಾ ಮುಖ ಕೆಂಪಗಾಗಿ, ಲಿನೋ ಹಲಗೆಯನ್ನು ಚೀಲಕ್ಕೆ ತುರುಕಿಕೊಂಡು ಟ್ರ್ಯಾಮ್ ಹತ್ತಿದಳು. ಮುಂದಿನ ಶನಿವಾರವೇ ಕೊನೆಯ ಅಚ್ಚು.

ಮನೆಯಲ್ಲಿ ಅತ್ತೆ ಸಿದ್ದವ್ವ, ಬೇಸಿಗೆ ಕಳೆಯಲು ಮಗನ ಮನೆಗೆ ಬಂದವರು, ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. ಅಚ್ಚನ್ನು ನೋಡಿ ಸಂತೋಷದಿಂದ ತಲೆಯಾಡಿಸಿದರು. "ಭಾಳ ಚಲೋ ಬಂದೈತಿ ಚಂದ್ರವ್ವ. ಒಂದೀಟೂ ಜಾಗಾ ದಂಡ ಮಾಡಿಲ್ಲ ನೋಡು."

"ಅದಕ್ಕs ಟೀಚರ್ ಬ್ಯಾಡ ಅಂದ್ರು ಅತ್ತಿ."

"ಯಾಕಂತ? ಆಕಿಗೆ ಕಣ್ಣು ಕಾಣಸೂದಿಲ್ಲೇನು?"

ಡ್ಯೂಟಿ ಮುಗಿಸಿ ಬಂದ ಗಂಡ ಬಸವಪ್ರಭು ಚಹಾದ ಕಪ್ಪು ಹಿಡಿದು ಬಗ್ಗಿ ನೋಡಿದ. "ಏನೂ ಮಾಡದs ಸುಮ್ಮನ ಕೂಡೂ ಅನಿಲ ಅಲ್ಲೇನ ಇದು? ಯಾರ ಜೋಡಿನೂ ಕೂಡೂದಿಲ್ಲ, ಜಗಳಾಡೂದಿಲ್ಲ. ನಮ್ಮನಿಯಾಗ ಅಂಥಾದ್ದು ಒಂದು ಇದ್ದಿದ್ರ..."

"ಒಂದು ಐತಿ. ರವಿವಾರ ಹಾಸಿಗಿ ಬಿಟ್ಟು ಏಳೂದಿಲ್ಲ," ಎಂದಳು ಚಂದ್ರಪ್ರಭಾ. ಸಿದ್ದವ್ವ ಹೊಟ್ಟೆ ಹಿಡಿದು ನಕ್ಕರು.

ನಗು ಮುಗಿದರೂ ಕಸಿವಿಸಿ ಮುಗಿಯಲಿಲ್ಲ. ಮರುದಿನ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಹಲಗೆಯನ್ನಿಟ್ಟುಕೊಂಡು ಕೂತಳು. ಹೊಸ ಲಿನೋ ತಂದು ಮೊದಲಿಂದ ಕೆತ್ತಬಹುದಿತ್ತು. ಆದರೆ ಹೊಸದರಲ್ಲೂ ತನ್ನ ಕೈ ಇದನ್ನೇ ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಗದಗಿನ ಕಾಲೇಜಿನಲ್ಲೂ ಅಷ್ಟೇ. ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಬರೆದು, ಜಾಗ ಸಾಲದೆ ಬಾಗಿಲ ಪಕ್ಕದ ಗೋಡೆಯ ಮೇಲೂ ಸೀಮೆಸುಣ್ಣದಲ್ಲಿ ಸಮೀಕರಣ ಗೀಚಿದವಳು. ಹುಡುಗಿಯರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಯಾರಾದರೂ ಒಂದು ಪ್ರಶ್ನೆ ಕೇಳಲು ನಡುವೆ ಉಸಿರು ಬಿಟ್ಟಿದ್ದಳೇ?

ಹೊರಗೆ ಗಾಳಿ ಎದ್ದಿತ್ತು. ಬೀದಿಯ ಬಿಳಿ ಹೂಗಳ ಮರ ಸೊಂಟ ಮುರಿದುಕೊಳ್ಳುವಂತೆ ಓಲಾಡುತ್ತಿತ್ತು. ಎದುರುಮನೆಯವರ ಕಸದ ತೊಟ್ಟಿ ಉರುಳಿ ಬಿತ್ತು. ಒಂದಿಷ್ಟೂ ಸದ್ದು ಒಳಗೆ ಬರಲಿಲ್ಲ. ಅವಳು ಎದ್ದು ಕಿಟಕಿಯ ಗಾಜಿಗೆ ಅಂಗೈ ಒತ್ತಿದಳು. ಆಚೆ ಒಂದು ಗಾಜು, ಈಚೆ ಒಂದು. ನಡುವೆ, ಮನೆ ಕೊಂಡ ದಿನದಿಂದಲೂ, ಅದು ಇತ್ತು. ಸಿದ್ದವ್ವ ಸ್ವೆಟರಿಲ್ಲದೆ ಸೋಫಾದ ಮೇಲೆ ತೂಕಡಿಸುತ್ತಿದ್ದುದು ಅದರಿಂದ. ಪಾಠದಲ್ಲಿ ಅದನ್ನು ಎಷ್ಟು ಸಲ ಹೇಳಿದ್ದಳೋ. ಒಮ್ಮೆಯೂ ಅದರ ಪಕ್ಕದಲ್ಲಿ ನಿಂತಿರಲಿಲ್ಲ.

ಹಿಂದಿರುಗಿ ಬಂದು ಲಿನೋವನ್ನು ಒಲೆಯ ಮೇಲಿನ ಹಂಚಿನ ಬಿಸಿಯ ಬಳಿ ಸ್ವಲ್ಪ ಹೊತ್ತಿಟ್ಟು ಮೆದು ಮಾಡಿಕೊಂಡಳು. ಅಗಲ ಬಾಯಿಯ ಉಳಿ ಹಿಡಿದು ಮೊದಲು ಚುಕ್ಕಿಗಳನ್ನು ತೆಗೆದಳು. ಅದು ಸುಲಭ. ಆಮೇಲೆ ಬಳ್ಳಿ, ಅಲೆ. ಬಲ್ಬಿನ ಮುಂದೆ ಕೈ ತಡೆಯಿತು. ಅದರ ತಂತಿಯ ಸುರುಳಿಗೆ ಒಂದು ಸಂಜೆಯನ್ನೇ ಕೊಟ್ಟಿದ್ದಳು. ಅದೂ ಹೋಯಿತು. ಭೂಮಿ ಹೋಯಿತು, ಕಿಡಿ ಹೋಯಿತು. ಕೊನೆಗೆ ಪರಮಾಣು. ಅದನ್ನು ಕೆತ್ತಿ ಹಾಕಿದರೆ ತಾನು ಒಂದು ಕಾಲಕ್ಕೆ ಓದಿದವಳೆಂದು ಯಾರಿಗೂ ತಿಳಿಯುವುದಿಲ್ಲ. ಭಾಗ್ಯಶ್ರೀಗೆ ತಿಳಿಯುವುದಿಲ್ಲ, ಲೆಸ್ಟರಿನವರಿಗೆ ತಿಳಿಯುವುದಿಲ್ಲ. ಉಳಿಯ ತುದಿಯನ್ನು ಅದರ ಮೇಲಿಟ್ಟು ಬಹಳ ಹೊತ್ತು ಕೂತಳು. ಆಮೇಲೆ ತಳ್ಳಿದಳು. ಸುರುಳಿಸುರುಳಿಯಾಗಿ ಅದೂ ಎದ್ದುಬಂತು.

ಎಚ್ಚೆತ್ತ ಸಿದ್ದವ್ವ ಮೇಜಿನ ಮೇಲಿನ ಸಿಪ್ಪೆ ನೋಡಿ ಎದೆಗೆ ಕೈಯಿಟ್ಟರು. "ಅಯ್ಯ ಶಿವನ! ಎಲ್ಲಾ ಕೆತ್ತಿ ಒಗದಿಯಲ್ಲಬೇ! ಸಿಟ್ಟು ಬಂತೇನು?"

"ಸಿಟ್ಟಿಲ್ರಿ ಅತ್ತಿ. ಕಸಾ ಹೊಡದೆ."

ಹಲಗೆಯಲ್ಲಿ ಉಳಿದದ್ದು ಕಿಟಕಿಯ ಚೌಕಟ್ಟಿನ ಎರಡು ತೆಳು ಗೆರೆ ಮತ್ತು ಒಂದು ಅಂಚಿನಲ್ಲಿ, ಬಳ್ಳಿಯೊಂದನ್ನು ತಿದ್ದಿ ಉಳಿಸಿಕೊಂಡ, ಬಾಗಿದ ಮರದ ಕೊಂಬೆ.

ಶನಿವಾರ ರೋಲರಿನಿಂದ ಮಸಿ ಹಚ್ಚಿ, ಕಾಗದ ಹೊದಿಸಿ, ಯಂತ್ರದ ಚಕ್ರ ತಿರುಗಿಸಿದಳು. ಕಾಗದವನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿದಳು. ಎರಡು ಗೆರೆಗಳ ನಡುವೆ ಬೆಳ್ಳಗೆ, ಅಗಲವಾಗಿ ಜಾಗ ಬಿದ್ದಿತ್ತು. ಪೂರ್ತಿ ಬೆಳ್ಳಗೂ ಅಲ್ಲ. ಕೆತ್ತಿ ತೆಗೆದಾಗ ಉಳಿದ ಸಣ್ಣಸಣ್ಣ ಏಣುಗಳು ಮಸಿ ಹಿಡಿದು, ಕೂದಲೆಳೆಯಂಥ ಗೀಟುಗಳು ಒಂದೇ ಕಡೆಗೆ ಹರಿದುಹೋಗಿದ್ದವು.

"ಬೇಡವಾದರೆ ಅವನ್ನೂ ಕೆತ್ತಿ ತೆಗೀಬಹುದು," ಎಂದಳು ಬ್ರೆಂಡಾ, ಈ ಸಲ ಕನ್ನಡಕ ಹಾಕಿಕೊಂಡೇ. "ಬೇಕಾದರೆ ಬಿಡಬಹುದು."

ಕೀತ್ ತನ್ನ ಪಾಲಿಗೆ ಬಂದ ಸೀಸದ ಕೆಲಸ ಬಿಟ್ಟು ಎದ್ದುಬಂದ. ಈ ಬಾರಿ ತಮಾಷೆ ಮಾಡಲಿಲ್ಲ. "ಒಳಗೆ ಏನೋ ಇದೆ," ಎಂದ.

"ಇರಲಿ ಬಿಡಿ," ಎಂದಳು ಚಂದ್ರಪ್ರಭಾ. ಪೆನ್ಸಿಲಿನಿಂದ ಕೆಳಗೆ ಹೆಸರು ಬರೆದಳು.

ಪ್ರದರ್ಶನದ ದಿನ ಬಳಗದವರು ರೇಷ್ಮೆಸೀರೆ ಉಟ್ಟು ಲೈಬ್ರರಿಗೆ ಬಂದರು. ಗೋಡೆಯ ಮೇಲೆ ಕಬ್ಬಿಣ, ಬೆಳ್ಳಿ, ಪಾದರಸ ಜಗಮಗಿಸುತ್ತಿದ್ದವು. ಸಾಲಿನ ಬಲತುದಿಯಲ್ಲಿ ಆರ್ಗಾನ್. ಭಾಗ್ಯಶ್ರೀ ಅದನ್ನು ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ನೋಡಿದಳು. ಆಮೇಲೆ ಚಂದ್ರಪ್ರಭಾಳ ತೋಳು ಹಿಡಿದು ಪಿಸುಗುಟ್ಟಿದಳು.

"ಯಾಕ್ರೀ ಮೇಡಂ, ಟೈಮ್ ಸಾಕಾಗ್ಲಿಲ್ವಾ? ಅರ್ಧಕ್ಕೇ ಬಿಟ್ಟಿದ್ದೀರಲ್ಲ. ನಿಮ್ಮ ರಂಗೋಲಿ ಕೈ ಏನಾಯ್ತು?"

ಚಂದ್ರಪ್ರಭಾಳ ನಾಲಿಗೆಯ ಮೇಲೆ ಪಾಠ ಪೂರ್ತಿ ಬಂದು ನಿಂತಿತು: ಜಡ ಅನಿಲ, ಜೋಡಿ ಗಾಜು, ಶಾಖ, ಮಸಿ ಹತ್ತದ ಕಾಗದ. ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ದವ್ವ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಆ ಬಿಳಿಯ ಜಾಗದ ಎದುರು ಅಂಗೈ ಹಿಡಿದು ನಿಂತಿದ್ದರು, ಒಳಗಿಂದ ಗಾಳಿ ಬರುತ್ತದೋ ಎಂದು ನೋಡುವವರ ಹಾಗೆ.

ಚಂದ್ರಪ್ರಭಾ ಬಾಯಿ ಮುಚ್ಚಿದಳು.

"ಇಲ್ಲ ಭಾಗ್ಯಶ್ರೀ, ಮುಗಿದಿದೆ," ಎಂದಳು.

ಭಾಗ್ಯಶ್ರೀ ಮುಂದಿನ ಮಾತಿಗೆ ಕಾದಳು. ಬರಲಿಲ್ಲ. ಕಾದು ಕಾದು ಅವಳೇ ಮತ್ತೆ ಗೋಡೆಯ ಕಡೆ ತಿರುಗಿ ನೋಡತೊಡಗಿದಳು.