ಅಮ್ಮನ ಕಣ್ಣೀರಿನ ಪರೀಕ್ಷೆ

ನನ್ನನ್ನು ಗಂಡನ ಮನೆಯವರಿಗೆ ಒಪ್ಪಿಸುವಾಗ ಆತ್ರೇಯಪುರದ ನಮ್ಮ ಬೀದಿಯೇ ಅತ್ತಿತು. ಅಮ್ಮ ಮಾತ್ರ ಕೆಂಪಗಾದ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದಳು. ಅಪ್ಪನ ಅಕ್ಕ ಮಾಣಿಕ್ಯಾಂಬತ್ತೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಇರೋಳೊಬ್ಬಳೇ ಮಗಳು. ಒಂದು ಹನಿಯಾದ್ರೂ ಬಂತಾ ನೋಡಿ ಇವಳ ಕಣ್ಣಲ್ಲಿ."

ಆಮೇಲೆ ಫೋನಿನಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: "ಅಳು ಬಂದಿತ್ತು ಕಣೇ. ನೀರೇ ಬರಲಿಲ್ಲ."

ಅಮ್ಮ ಪೂತರೇಕು ಎಂಬ ಸಿಹಿತಿಂಡಿ ಮಾಡುವವಳು. ಕವುಚಿದ ಬಿಸಿ ಮಡಕೆಯ ಮೇಲೆ ಅಕ್ಕಿ ಹಿಟ್ಟಿನ ತಿಳಿಯನ್ನು ಬಟ್ಟೆಯಲ್ಲಿ ಎಳೆದು, ಕಾಗದದಂಥ ಪೊರೆ ಎಬ್ಬಿಸಬೇಕು. ಕೆಳಗೆ ತಾಳೆಗರಿಯ ಬೆಂಕಿ. ಅವಳ ಕಣ್ಣುರಿಗೆ ಎಲ್ಲರೂ ಆ ಹೊಗೆಯನ್ನೇ ದೂರುತ್ತಿದ್ದರು. ಊರಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲೂ ಏನೂ ಸಿಕ್ಕಿರಲಿಲ್ಲ.

ವಿಶಾಖಪಟ್ಟಣದ ನಮ್ಮ ಮನೆಗೆ ಬಂದಾಗ ಅವಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಹೈಮವತಿ ಅವಳನ್ನು, ಬಾಯಿ ಒಣಗುತ್ತದೆಯೇ, ಬೆರಳ ಗೆಣ್ಣು ನೋಯುತ್ತದೆಯೇ ಎಂದೆಲ್ಲ ಕೇಳಿದರು. ನೀರು ಕುಡಿಯದೆ ಅಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. ಅದನ್ನು ನಾನೇ ಹೇಳಿದೆ. ಡಾಕ್ಟರ್ ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿದರು.

"ಮಗಳ ಮದುವೇಲೇ ಬರದ್ದು ನಿಮಗೋಸ್ಕರ ಬರುತ್ತಾ ಡಾಕ್ಟರಮ್ಮಾ?" ಎಂದಳು ಅಮ್ಮ.

"ನೀವು ಅಳೋದೇನೂ ಬೇಡ. ಪಟ್ಟಿ ಒಂಚೂರು ಒದ್ದೆಯಾದ್ರೆ ಸಾಕು."

ಅಷ್ಟೇ ತೇವದಲ್ಲಿ ಪ್ರಯೋಗಾಲಯದವರು ಸುಳಿವು ಹಿಡಿದರು. ಕಣ್ಣನ್ನು ಕಾಯುವ ಪ್ರೋಟೀನು ತೀರಾ ಕಡಿಮೆ, ಉರಿಯೂತದ ಪ್ರೋಟೀನು ವಿಪರೀತ. ರೋಗ ತಡೆಯಬೇಕಾದ ಮೈಯ ಕಾವಲೇ ದಾರಿ ತಪ್ಪಿ ಕಣ್ಣೀರು, ಜೊಲ್ಲು ಸುರಿಸುವ ಗ್ರಂಥಿಗಳ ಮೇಲೆ ಬಿದ್ದಿರಬಹುದು ಎಂದರು ಡಾಕ್ಟರ್. ಕಣ್ಣೀರೊಂದನ್ನೇ ನಂಬುವಂತಿಲ್ಲವೆಂದು ತುಟಿಯ ಒಳಗಿಂದ ಚೂರು ತೆಗೆದು ನೋಡಿದರು. ಅದೂ ಅದನ್ನೇ ಹೇಳಿತು. ಷೋಗ್ರೆನ್ ಎಂಬ ಆ ಕಾಯಿಲೆಯ ಹೆಸರು ಅಮ್ಮನ ನಾಲಿಗೆಗೆ ಒಗ್ಗಲಿಲ್ಲ. ಬಿಳಿ ದೊರೆಗಳ ಹೆಸರಿನಂತಿದೆಯೆಂದು 'ದೊರೆ ಕಾಯಿಲೆ' ಎಂದು ಕರೆದಳು. ಪೂರ್ತಿ ವಾಸಿಯಾಗದು, ಆದರೆ ಹತೋಟಿಯಲ್ಲಿಡಬಹುದು ಎಂದು ಡಾಕ್ಟರ್ ಹೇಳಿದಾಗ, ಮಾಣಿಕ್ಯಾಂಬತ್ತೆಯ ಜೊತೆ ಇಷ್ಟು ವರ್ಷ ಏಗಿದವಳಿಗೆ ಇದೇನು ಮಹಾ ಎಂದು ನಕ್ಕಳು.

ಅಮ್ಮ ಊರಿಗೆ ಮರಳಿದ ಮೇಲೆ ಅತ್ತೆ ನೋಡಲು ಬಂದಳು. ಅಮ್ಮ ಮೊದಲ ಸಲ ನೇರವಾಗಿ ಮಾತಾಡಿದಳು.

"ಅವತ್ತು ನಾನು ಅತ್ತಿದ್ದೆ, ಅತ್ತಿಗೆ. ನೀವು ಬರೀ ಕಣ್ಣು ನೋಡಿದ್ರಿ."

ಅತ್ತೆ ಸೆರಗಿನ ತುದಿ ಸುತ್ತುತ್ತ ಕೂತವಳು ಕೊನೆಗೆ, "ಕಣ್ಣಿಗೆ ಬಿಡೋ ಔಷಧಿ ಎಲ್ಲಿದೆ, ಕೊಡು, ನಾನೇ ಹಾಕ್ತೀನಿ" ಎಂದು ಎದ್ದಳು.

ಈಗ ಅಮ್ಮ ಹೊಗೆ ತಾಗದಿರಲೆಂದು ಕಪ್ಪು ಕನ್ನಡಕ ಹಾಕಿಕೊಂಡೇ ಮಡಕೆಯ ಮುಂದೆ ಕೂರುತ್ತಾಳೆ. ಬೀದಿಯವರು ಸಿನಿಮಾ ತಾರೆ ಅನ್ನುತ್ತಾರೆ. ಅವಳೂ ಬೇಡ ಅನ್ನುವುದಿಲ್ಲ.