ತೂತಿಗೆ ಸಿಕ್ಕ ಪ್ರಮಾಣಪತ್ರ

ಐಲಾ ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ಸಾಫ್ಟ್‌ವೇರ್ ಲೈಬ್ರರಿಯ, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಕೋಡಿನ ಕಟ್ಟಿನ, ಹೆಸರು ಕಿಲ್ಪಿ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಗೆ ತಿರುಗಿಸುವುದು ಅದರ ಕೆಲಸ. ಫಿನ್ಲೆಂಡಿನ ಕರಾವಳಿಯ ಮೂರು ಆಸ್ಪತ್ರೆಗಳು ಎರಡು ಲಕ್ಷ ರೋಗಿಗಳ ಕಡತಗಳನ್ನು ಅದರ ಮೂಲಕವೇ ಕಳಿಸುತ್ತಿದ್ದವು. ಹೋದ ತಿಂಗಳು ಅದರಲ್ಲೊಂದು ತೂತು ಸಿಕ್ಕಿತು. ಐಲಾ ನಾಲ್ಕು ಸಾಲು ಬದಲಿಸಿ ಮುಚ್ಚಿದಳು. ಈ ಕಸುಬಿನ ಪದ್ಧತಿಯಂತೆ ಗುರುವಾರ ಆ ತೂತಿನ ವಿಷಯ ಜಗತ್ತಿಗೆಲ್ಲ ತಿಳಿಸಬೇಕು. ಅಷ್ಟರೊಳಗೆ ಹೊಸ ಆವೃತ್ತಿ ಹಾಕಿಕೊಳ್ಳದಿದ್ದವರ ಬಾಗಿಲು ಕಳ್ಳರಿಗೆ ತೆರೆದಂತೆಯೇ. ಆ ಕಡತಗಳಲ್ಲಿ ಅವಳ ತಂಗಿ ಇಲ್ಮಿಯದೂ ಇತ್ತು: ಎರಡು ಸಲ ಸಾಯಲು ಹೊರಟದ್ದು, ವೈದ್ಯರಿಗೂ ಅಕ್ಕನಿಗೂ ಮಾತ್ರ ಹೇಳಿದ್ದು.

ಹೊಸ ಆವೃತ್ತಿ ಹಾಕಬೇಕೇ ಎಂದು ತೀರ್ಮಾನಿಸಲು ಸೋಮವಾರ ಆಸ್ಪತ್ರೆಗಳ ಮಂಡಳಿಯ ಐವರು ಐಲಾಳನ್ನೂ ಕರೆಸಿ ಸೇರಿದರು. ಒಬ್ಬರಿಗೂ ಕಿಲ್ಪಿಯ ಗಂಧಗಾಳಿ ಗೊತ್ತಿಲ್ಲ. ಗೊತ್ತಿಲ್ಲವೆಂಬ ನಾಚಿಕೆಯೂ ಇಲ್ಲ. ಅಧ್ಯಕ್ಷ ಯೊರ್ಮಾ ಏಲಕ್ಕಿ ಬನ್ನು ಮುರಿಯುತ್ತ ಕೇಳಿದ.

"ಸರ್ಕಾರದ ಪ್ರಮಾಣಪತ್ರ ಇರೋದು ಹಳೇ ಆವೃತ್ತಿಗೆ ಅಲ್ವಾ?"

"ಹೌದು. ತೂತಿರೋದೂ ಅದರಲ್ಲೇ," ಎಂದಳು ಐಲಾ.

"ಒಂದಕ್ಷರ ಬದಲಾದ್ರೂ ಪ್ರಮಾಣಪತ್ರ ಹೋಗುತ್ತೆ. ಹೊಸದು ಸಿಗೋಕೆ ಎಷ್ಟು ದಿನ?"

"ಹದಿನಾಲ್ಕು ತಿಂಗಳು."

"ಹಾಗಾದ್ರೆ ಕಾಯೋಣ. ಪ್ರಮಾಣಪತ್ರ ಇಲ್ಲದ್ದನ್ನ ಆಸ್ಪತ್ರೇಲಿ ಹಾಕೋದು ಬೇಜವಾಬ್ದಾರಿ ಆಗುತ್ತೆ, ನೋಡಮ್ಮ."

"ಕಳ್ಳ ಬಂದು ನಿಮ್ಮ ಪ್ರಮಾಣಪತ್ರ ಓದಿ ವಾಪಸ್ ಹೋಗ್ತಾನಾ?"

ಹಳೆಯದೇ ಇರಲಿ ಎಂದು ಐದು ಕೈ ಎದ್ದವು. ತೂತಿರುವುದಕ್ಕೆ ಮುದ್ರೆಯಿದೆ, ತೂತಿಲ್ಲದ್ದಕ್ಕೆ ಇಲ್ಲ. ಇವರಿಗೆ ಮುದ್ರೆಯಿದ್ದರೆ ಸಾಕು.

ಕಾಫಿಗೆ ಎಲ್ಲರೂ ಎದ್ದಾಗ ಯೊರ್ಮಾ ಅವಳನ್ನು ಕೋಟು ತೂಗುಹಾಕುವ ಮೂಲೆಗೆ ಕರೆದ. ಆಚೀಚೆ ನೋಡಿದ.

"ನಂದೂ ಒಂದು ಕಡತ ಇದೆ ಅಲ್ಲಿ. ಹಳೇ ವಿಷಯ, ಮನೇಲಿ ಗೊತ್ತಿಲ್ಲ. ಅದೊಂದನ್ನ ಮಾತ್ರ ನಿಮ್ಮ ಹೊಸದರಲ್ಲಿ ಕಳಿಸೋ ಹಾಗೆ ಮಾಡ್ತೀರಾ?"

ಐಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೊಸದರಲ್ಲಿ ಹೋದ್ರೆ ಎಲ್ಲರದ್ದೂ ಹೋಗುತ್ತೆ. ಇಲ್ಲ ಅಂದ್ರೆ ನಿಮ್ಮದೂ ಇಲ್ಲ."

ಕಾಫಿ ಮುಗಿಯುವಷ್ಟರಲ್ಲಿ ಯೊರ್ಮಾ ನಿಯಮಪುಸ್ತಕದಲ್ಲಿ, ಪ್ರಮಾಣಪತ್ರವಿಲ್ಲದೆಯೂ ಹೊಸದನ್ನು ಹಾಕಲು ಬಿಡುವ 'ತುರ್ತು ಸಂದರ್ಭ' ಎಂಬ ಸಾಲೊಂದನ್ನು ಹುಡುಕಿ ತೆಗೆದ. ಹದಿನಾಲ್ಕು ತಿಂಗಳ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಜನರ ಹಿತವೇ ಮೊದಲು ಎಂದು ಭಾಷಣವನ್ನೂ ಬಿಗಿದ. ಎರಡು ಲಕ್ಷ ಜನರ ಗುಟ್ಟಿಗೆ ಏಳದಿದ್ದ ಕೈಗಳು ಅವನೊಬ್ಬನ ಗುಟ್ಟಿಗೆ ಎದ್ದವು. ಇಲ್ಮಿಯ ಕಡತ ಉಳಿಯಿತು. ಅದು ಯಾರ ದೆಸೆಯಿಂದ ಉಳಿಯಿತೆಂದು ತಂಗಿಗೆ ಹೇಳಲು ಐಲಾಗೆ ಹೇಸಿಗೆಯಾಯಿತು.