ಹದ್ದಿನ ಪಾಲು

ಅವರ್ಸಾದ ಭಾಗೀರಥಿ ಮೀನಿನ ಬುಟ್ಟಿ ತಲೆಗೇರಿಸುವ ಮೊದಲು ಒಂದು ಮೀನನ್ನು ಮೇಲಕ್ಕೆ ಎಸೆಯದ ದಿನವಿರಲಿಲ್ಲ. ಅದು ಹದ್ದಿನ ಪಾಲು. ಅವಳ ಅತ್ತೆ ಎಸೆಯುತ್ತಿದ್ದಳು, ಅತ್ತೆಯ ಅತ್ತೆಯೂ. ದಂಡೆಯ ಮಾವಿನಮರದಲ್ಲಿ ಗೂಡು ಕಟ್ಟಿದ್ದ ಬಿಳಿಹೊಟ್ಟೆಯ ಕಡಲಹದ್ದು ಅದನ್ನು ಮರಳಿಗೆ ಬೀಳಗೊಡದೆ ಹಿಡಿಯುತ್ತಿತ್ತು.

ಈ ಕರಾವಳಿಯಲ್ಲಿ ಅದು ಕಡಿಮೆಯಾಗುತ್ತಿದೆಯೆಂದು, ಕಾರವಾರದಿಂದ ಬರುತ್ತಿದ್ದ ಸಂಶೋಧಕಿ ಪ್ರೇಕ್ಷಾ ಮರದ ಬುಡದ ಹಿಕ್ಕೆಯನ್ನು ಸಣ್ಣ ಕೊಳವೆಗಳಲ್ಲಿ ತುಂಬಿಕೊಳ್ಳುತ್ತಿದ್ದಳು.

"ಅಷ್ಟು ಓದಿ ಕೊನಿಗೆ ಹಕ್ಕಿ ಹೇಲು ಹೆಕ್ಕೂ ಕೆಲ್ಸ ಸಿಕ್ತೇನೆ ತಂಗಿ?" ಎಂದು ಭಾಗೀರಥಿ ರೇಗಿಸಿದ್ದಳು.

"ಇದ್ರಲ್ಲಿರೂ ಕರುಳಿನ ಸೂಕ್ಷ್ಮಜೀವಿಗಳ ಜೀನು ಓದಿದ್ರೆ, ಹಕ್ಕಿ ಎಂತಾ ತಿಂದದೆ, ಹೇಗದೆ, ಎಲ್ಲಾ ಗೊತ್ತಾಗ್ತದೆ ಅಕ್ಕಾ. ಅದ್ನ ಹಿಡಿಯೂದೇ ಬ್ಯಾಡ."

ಈ ವರ್ಷ ಬಲೆ ಬರಿದೇ ಬಂತು. ಮಾರಲಿಕ್ಕೇ ಮೀನಿಲ್ಲ, ಹದ್ದಿಗೆಲ್ಲಿಂದ ತರುವುದು? ಗೂಡಿನಲ್ಲಿ ಬೇರೆ ಎರಡು ಮರಿ. ಭಾಗೀರಥಿ ಬಾಳೆಗುಳಿಯ ಕೋಳಿ ಅಂಗಡಿಯವರು ಬಿಸಾಡುವ ಕರುಳು, ಚರ್ಮ ತಂದು ಎಸೆಯತೊಡಗಿದಳು. ಹದ್ದು ಅದನ್ನೂ ಹಿಡಿಯಿತು. ಪಾಲು ತಪ್ಪಲಿಲ್ಲವೆಂದು ಅವಳಿಗೆ ಸಮಾಧಾನ.

ತಿಂಗಳೊಳಗೆ ಒಂದು ಮರಿ ಸತ್ತು ಕೆಳಗೆ ಬಿತ್ತು. ವರದಿ ಹಿಡಿದು ಬಂದ ಪ್ರೇಕ್ಷಾ ಸಿಟ್ಟಿನಲ್ಲಿದ್ದಳು.

"ಹಿಕ್ಕೆ ತುಂಬಾ ಬ್ರಾಯ್ಲರ್ ಕೋಳಿ ರೋಗಾಣು, ಅಕ್ಕಾ. ಯಾವ ಔಷಧಕ್ಕೂ ಜಗ್ಗೂದಲ್ಲ. ಯಾರೋ ಪಾಪಿಗಳು ಕೋಳಿ ಕಸ ತಿನ್ನಿಸ್ತಾ ಇದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಭಾಗೀರಥಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಯಾರೋ ಎಂತೋ," ಎಂದಳು. ಹಕ್ಕಿಯ ಹೊಟ್ಟೆಯೊಳಗಿನದನ್ನು ಓದುವ ಯಂತ್ರ ಬಂದಿದೆ. ಭಾಗೀರಥಿಯ ಹೊಟ್ಟೆಯೊಳಗಿನ ಸಂಕಟ ಓದುವ ಯಂತ್ರ ಇನ್ನೂ ಬಂದಿಲ್ಲ, ಪುಣ್ಯ. ಅವಳು ಮೆಲ್ಲಗೆ ಕೇಳಿದಳು, "ಇನ್ನೊಂದು ಮರಿ ಬದುಕೂದಾ?"

"ಆ ಕಸ ನಿಂತ್ರೆ ಬದುಕ್ಬಹುದು. ಹದ್ದು ಮನಷ್ಯರ ಹತ್ರ ಬರೂದೇ ಬಿಡ್ಬೇಕು."

ಮರುದಿನ ಬೆಳಿಗ್ಗೆ ಭಾಗೀರಥಿ ಬರಿಗೈಯಲ್ಲಿ ದಂಡೆಗೆ ಬಂದಳು. ಹದ್ದು ತಲೆಯ ಮೇಲೆ ಸುತ್ತತೊಡಗಿತು.

"ಹೋಗೇ! ಇಷ್ಟು ದೊಡ್ಡ ಸಮುದ್ರ ಇಲ್ವೇನೆ ನಿಂಗೆ?"

ಅದು ಇನ್ನಷ್ಟು ಕೆಳಗಿಳಿಯಿತು. ಹೊಡೆದಾದರೂ ಓಡಿಸಬೇಕು, ಬೇರೆ ದಾರಿಯಿಲ್ಲ. ಅವಳು ಒಂದು ಕಲ್ಲೆತ್ತಿ, ಹಲ್ಲು ಕಚ್ಚಿ ಬೀಸಿದಳು.

ಆ ಕೈಯಿಂದ ಇವತ್ತಿನವರೆಗೆ ಬಂದದ್ದೆಲ್ಲ ಅನ್ನವೇ. ಹದ್ದು ಕಲ್ಲನ್ನು ಮರಳಿಗೆ ಬೀಳಗೊಡಲಿಲ್ಲ. ಗಪ್ಪನೆ ಹಿಡಿದು, ಮರಿ ಬಾಯಿ ತೆರೆದು ಕಾಯುತ್ತಿದ್ದ ಗೂಡಿನತ್ತ ಹಾರಿತು.